ಪೈನ್ ಕಪಾಟಿಗೆ ಯಾವ ಕ್ಲಿಯರ್ ಪಾಲಿಶ್? ಹಳದಿ ಆಗಬಾರದು, ಅರಿಶಿನ ಹಿಡಿಯಬಾರದು

ರಂದಾ_ಹೊಸಬ (ಕಲಬುರಗಿ)
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳು ಪ್ರತಿ ಭಾನುವಾರ ಮಾಳಿಗೆ ಮೇಲೆ ಕೂತು ಅಡುಗೆ ಮನೆಗೆ ನಾಲ್ಕು ಕಪಾಟು ಮಾಡಿದ್ದೇನೆ. ಎಲ್ಲಾ ಪೈನ್. ನಾನು ಬಡಿಗೇರ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ಎರಡು ಬಾಗಿಲು ಮಟ್ಟಸ ಕೂತಿಲ್ಲ. ಅದನ್ನು ಇಲ್ಲಿ ಕೇಳುತ್ತಿಲ್ಲ.

ಕೇಳುತ್ತಿರುವುದು ಪಾಲಿಶ್ ಬಗ್ಗೆ. ಈಗ ಕಟ್ಟಿಗೆ ಆಗ ತಾನೇ ಕಡೆದ ಬೆಣ್ಣೆಯ ಬಣ್ಣ ಇದೆ. ನಡುನಡುವೆ ಕಂದು ಗಂಟುಗಳು. ಇದು ಹೀಗೇ ಉಳಿಯಬೇಕು. ಬಣ್ಣ ಬೇಡ, ಸ್ಟೇನ್ ಬೇಡ. ಅಂಗಡಿಗೆ ಹೋದರೆ ಒಬ್ಬರು ವಾರ್ನಿಶ್ ಅಂದರು, ಇನ್ನೊಬ್ಬರು ಮೆಲಮೈನ್ ಅಂದರು, ಮೂರನೆಯವರು "ಪಿಯು ಹಾಕ್ರಿ ಸರ, ಗಾಜಿನಂಗ ಹೊಳೀತದ" ಅಂದರು. ಪಿಯು ಅಂದರೆ ಪಾಲಿಯುರೆಥೇನ್ ಅಂತೆ, ಪ್ಲಾಸ್ಟಿಕ್ ಥರ ಗಟ್ಟಿ ಪದರ. ಗಾಜಿನ ಹಾಗೆ ಹೊಳೆಯುವುದು ನನಗೆ ಬೇಕಿಲ್ಲ.

ಎರಡು ಕಪಾಟು ಒಲೆ ಪಕ್ಕದಲ್ಲೇ ಬರುತ್ತವೆ. ಒಗ್ಗರಣೆ ಹೊಗೆ, ಅರಿಶಿನದ ಕೈ, ಕುಕ್ಕರ್ ಉಗಿ ಎಲ್ಲಾ ಇದೆ. ಸಾಲದ್ದಕ್ಕೆ ಏಪ್ರಿಲ್ ಬಿಸಿಲು. ಸ್ಪ್ರೇ ಮಷಿನ್ ಇಲ್ಲ, ಬ್ರಷ್‌ನಿಂದಲೇ ಹಚ್ಚಬೇಕು. ಏನು ಹಚ್ಚಲಿ?

ಸುಮ್ನೆ_ಓದುವವ
ಪೈನ್ ಯಾಕೆ ತಂದಿರಿ? ಉಗುರು ಒತ್ತಿದರೆ ಗುರುತು ಬೀಳುವ ಕಟ್ಟಿಗೆ ಅದು. ಸಾಗವಾನಿ ದುಬಾರಿ ಅಂದರೆ ಬೇವು ಇತ್ತಲ್ಲ. ನಮ್ಮ ಅಜ್ಜನ ಬೇವಿನ ಪೆಟ್ಟಿಗೆಗೆ ಇವತ್ತಿಗೂ ಗೆದ್ದಲು ಹತ್ತಿಲ್ಲ.

ರಂದಾ_ಹೊಸಬ
ಮಾಡಿ ಮುಗಿಸಿದ ಮೇಲೆ ಹೇಳಿದರೆ ಏನು ಮಾಡಲಿ ಸರ್? ಬೇವಿಗೆ ರಂದಾ ಹೊಡೆಯುವ ಶಕ್ತಿ ನನ್ನ ತೋಳಿಗಿಲ್ಲ.

ಚಪಡಾ_ಕಾಕಾ (ಕಲಬುರಗಿ)
ತಮ್ಮಾ, ಪಿಯು ಗಿಯು ಎಲ್ಲಾ ನಿನ್ನೆ ಮೊನ್ನೆ ಬಂದದ್ದು. ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಚಪಡಾ ಹಚ್ಚು, ಅದೇ ಶೆಲಾಕ್ ಅನ್ನುವ ಅರಗಿನ ಚಕ್ಕೆ. ಒಂದು ಲೀಟರ್ ಸ್ಪಿರಿಟ್‌ಗೆ ಕಾಲು ಕಿಲೋ ಚಪಡಾ ಹಾಕಿ ರಾತ್ರಿ ನೆನೆಸು, ನಡುವೆ ಎರಡು ಸಲ ಅಲ್ಲಾಡಿಸು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸು. ಹಳೆ ಧೋತರದ ತುಂಡಿನೊಳಗೆ ಹತ್ತಿ ಇಟ್ಟು ಪೊಟ್ಟಣ ಕಟ್ಟು. ಅದರಿಂದ ತೆಳ್ಳಗೆ ಉಜ್ಜುತ್ತಾ ಹೋಗು. ಒಂದು ಕೈ ಒಣಗಲು ಅರ್ಧ ತಾಸು ಸಾಕು. ಹತ್ತು ಕೈ ಆದ ಮೇಲೆ ಬಾಗಿಲಲ್ಲಿ ನಿನ್ನ ಮುಖ ಕಾಣುತ್ತದೆ. ಸ್ಪಿರಿಟ್ ಆರಿ ಹೋದ ಮೇಲೆ ವಾಸನೆ ಇಲ್ಲ, ಕಣ್ಣುರಿ ಇಲ್ಲ. ಗೀರು ಬಿದ್ದರೆ ಅದರ ಮೇಲೇ ಮತ್ತೆ ಹಚ್ಚಬಹುದು, ಹಳೆಯದು ಕರಗಿ ಹೊಸದರ ಜೊತೆ ಸೇರುತ್ತದೆ. ಪಿಯು ಹಾಗೆ ಸೇರುತ್ತದಾ ಕೇಳು.

ಸ್ಪ್ರೇಗನ್_ಹುಮನಾಬಾದ್
ಕಾಕಾ, ಅಡುಗೆ ಮನೆಗೆ ಚಪಡಾನಾ? ಬಿಸಿ ಚಹಾ ಗ್ಲಾಸ್ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ನೀರು ನಿಂತರೂ ಬಿಳಿ. ಸ್ಪಿರಿಟ್ ಇರುವ ಸ್ಯಾನಿಟೈಸರ್ ಚೆಲ್ಲಿದರೆ ಪಾಲಿಶ್ಶೇ ಎದ್ದು ಬರುತ್ತದೆ. ದೇವರ ಮನೆ ಬಾಗಿಲಿಗೆ, ಹಾಲ್‌ನ ಕುರ್ಚಿಗೆ ಸರಿ.

ನನ್ನ ಮಾತು ಕೇಳಿ, ಎರಡು ಡಬ್ಬಿ ಬೆರೆಸಿ ಗಟ್ಟಿ ಮಾಡುವ 2ಕೆ ಪಿಯು ಹಾಕಿಸಿ. ಹಾರ್ಡ್‌ನರ್ ಬೆರೆಸಿ ಸ್ಪ್ರೇ ಮಾಡಿದರೆ ನೀರು, ಎಣ್ಣೆ, ಬಿಸಿ ಯಾವುದಕ್ಕೂ ಜಗ್ಗಲ್ಲ. ಮ್ಯಾಟ್ ಕೂಡ ಸಿಗುತ್ತೆ, ಹೊಳಪೇ ಬೇಕಂತಿಲ್ಲ.

ಬೀದರ್_ಮಾಸ್ತರ
2ಕೆ ಗಟ್ಟಿ, ಅದು ನಿಜ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಸರಿಯಾದ ಮಾಸ್ಕ್ ಇಲ್ಲದೆ ಎಳೆದುಕೊಂಡರೆ ದಮ್ಮು ಬರಬಹುದು. ಒಂದು ಸಲ ಮೈಗೆ ಒಗ್ಗದೇ ಹೋದರೆ ಆಮೇಲೆ ಸ್ವಲ್ಪ ಸೋಕಿದರೂ ತೊಂದರೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು.

ಇನ್ನೊಂದು. ಮೆತ್ತಗಿನ ಪೈನ್ ಮೇಲೆ ದಪ್ಪಗೆ ಗಟ್ಟಿ ಪದರ ಕೂರಿಸಿದರೆ, ಲಟ್ಟಣಿಗೆ ಬಿದ್ದಾಗ ಒಳಗಿನ ಕಟ್ಟಿಗೆ ತಗ್ಗಾಗುತ್ತದೆ, ಮೇಲಿನ ಪದರ ಒಡೆದು ಬೆಳ್ಳಗೆ ಕಾಣುತ್ತದೆ. ಪಾಲಿಶ್ ಹಾಕಿದರೆ ಪೈನ್ ಸಾಗವಾನಿ ಆಗಲ್ಲ.

ಸ್ಪ್ರೇಗನ್_ಹುಮನಾಬಾದ್
ಮಾಸ್ತರ, ನಾನು ಹನ್ನೆರಡು ವರ್ಷದಿಂದ ಹೊಡೆಯುತ್ತಿದ್ದೇನೆ, ಏನೂ ಆಗಿಲ್ಲ.

ಬೀದರ್_ಮಾಸ್ತರ
ಇನ್ನೂ ಆಗಿಲ್ಲ ಅನ್ನಿ.

ಸ್ಪ್ರೇಗನ್_ಹುಮನಾಬಾದ್
ಸರಿ ಸರಿ, ಕಾರ್ಟ್ರಿಜ್ ಮಾಸ್ಕ್ ಇದೆ ನನ್ನ ಹತ್ತಿರ. ಸೆಕೆಗೆ ಹಾಕಿಕೊಳ್ಳಲ್ಲ ಅಷ್ಟೇ.

ಯಾದಗಿರಿ_ಅಕ್ಕ
ನಾನು ಹೋದ ವರ್ಷ ಪುಸ್ತಕದ ಶೆಲ್ಫ್‌ಗೆ ನೀರಿನ ಪಿಯು ಹಚ್ಚಿದೆ. ಡಬ್ಬಿಯಲ್ಲಿ ಹಾಲಿನ ಹಾಗಿರುತ್ತದೆ, ಒಣಗಿದರೆ ತಿಳಿ. ಬ್ರಷ್ ತೊಳೆಯಲು ನಲ್ಲಿ ನೀರು ಸಾಕು, ಥಿನ್ನರ್ ಬೇಡ. ಎಣ್ಣೆ ಪಿಯು ಹಚ್ಚಿದ ತಕ್ಷಣ ಜೇನಿನ ಬಣ್ಣ ಬರುತ್ತೆ, ವರ್ಷ ಕಳೆದಂತೆ ಇನ್ನೂ ಗಾಢ ಆಗುತ್ತೆ. ಇದು ಹಾಗಲ್ಲ. ನಿಮಗೆ ಬೆಣ್ಣೆ ಬಣ್ಣ ಉಳಿಯಬೇಕು ಅಂದರೆ ಇದೇ.

ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೇ ತಿಂಗಳು, ಮಧ್ಯಾಹ್ನ ಒಂದು ಗಂಟೆ, ಮೇಲೆ ಫ್ಯಾನ್ ಐದರಲ್ಲಿ. ಹಲಗೆಯ ಈ ತುದಿಯಿಂದ ಆ ತುದಿಗೆ ಬ್ರಷ್ ಮುಟ್ಟುವಷ್ಟರಲ್ಲಿ ಶುರು ಮಾಡಿದ ಕಡೆ ಒಣಗಿ ಅಂಟಂಟು. ಮತ್ತೆ ಬ್ರಷ್ ಎಳೆದೆ, ಬಾಚಣಿಗೆ ಎಳೆದ ಹಾಗೆ ಗೀರು ಬಿತ್ತು. ಪೂರ್ತಿ ಉಜ್ಜಿ ತೆಗೆದು ಮತ್ತೆ ಮಾಡಿದೆ. ಎರಡನೇ ಸಲ ಬೆಳಗಿನ ಐದೂವರೆಗೆ ಎದ್ದೆ. ಫ್ಯಾನ್ ಬಂದ್, ಕಿಟಕಿ ಅರ್ಧ ತೆರೆದಿಟ್ಟೆ, ನೆಲಕ್ಕೆ ನೀರು ಚಿಮುಕಿಸಿ ದೂಳು ಕೂರಿಸಿದೆ. ಏಳೂವರೆಗೆ ಮುಗಿಯಿತು. ನುಣುಪಾಗಿ ಬಂತು.

ಬಿಸಿಲು_ನಾಡು
ಅಕ್ಕಾರ, ಐದೂವರೆಗೆ ಎದ್ದು ಪಾಲಿಶ್ ಹಚ್ಚುವವರನ್ನು ಇದೇ ಮೊದಲು ಕೇಳಿದ್ದು 😄

ಯಾದಗಿರಿ_ಅಕ್ಕ
ನಮ್ಮ ಕಡೆ ಹೊಲದವರು ಆ ಹೊತ್ತಿಗೆ ಅರ್ಧ ಕೆಲಸ ಮುಗಿಸಿರುತ್ತಾರೆ. ಬಿಸಿಲೇರಿದ ಮೇಲೆ ಯಾರು ಮಾಡುತ್ತಾರೆ?

ಕುಸುಬಿ_ಹೊಲ (ಜೇವರ್ಗಿ)
ಇಷ್ಟೆಲ್ಲ ಕೆಮಿಕಲ್ ಯಾಕೆ? ಗಾಣದ ಎಣ್ಣೆ ಹಚ್ಚಿ ಬಿಡಿ. ನಮ್ಮ ಮನೆ ಕಂಬಕ್ಕೆ ಪ್ರತಿ ದೀಪಾವಳಿಗೆ ಅಗಸೆ ಎಣ್ಣೆ ಒರೆಸುತ್ತಿದ್ದರು. ಕಂಬ ಕಪ್ಪಗೆ ಮಿರಮಿರ.

ರಂದಾ_ಹೊಸಬ
ಅಲ್ಲೇ ಸಮಸ್ಯೆ ಸರ್, ನನಗೆ ಕಪ್ಪಗೆ ಬೇಡ.

ಬೀದರ್_ಮಾಸ್ತರ
ಅಗಸೆ ಎಣ್ಣೆ ಒಣಗುವ ಎಣ್ಣೆ, ಗಾಳಿಯ ಆಮ್ಲಜನಕ ಹಿಡಿದು ಗಟ್ಟಿ ಆಗುತ್ತದೆ. ಹಾಗೇ ಹಳದಿಯೂ ಆಗುತ್ತದೆ. ತಮಾಷೆ ಏನಂದರೆ, ನಿಮ್ಮ ಹೆಸರಿನಲ್ಲಿರುವ ಕುಸುಬಿ ಎಣ್ಣೆಯೂ ಒಣಗುತ್ತದೆ, ಅದು ಅಗಸೆಗಿಂತ ಕಮ್ಮಿ ಹಳದಿ ಆಗುತ್ತದೆ. ಅದಕ್ಕೇ ಚಿತ್ರ ಬರೆಯುವ ಬಿಳಿ ಬಣ್ಣದಲ್ಲಿ ಕುಸುಬಿ ಎಣ್ಣೆ ಬಳಸುತ್ತಾರೆ. ಆದರೆ ನಿಧಾನ. ಶೇಂಗಾ ಎಣ್ಣೆ ಮಾತ್ರ ಯಾರೂ ಹಚ್ಚಬೇಡಿ, ಅದು ಜನ್ಮಕ್ಕೂ ಒಣಗಲ್ಲ, ಕಮಟು ಹಿಡಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಅಗಸೆ ಎಣ್ಣೆ ಒರೆಸಿದ ಬಟ್ಟೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಬೆಂಕಿ ಹತ್ತಬಹುದು. ಕಡ್ಡಿ ಗೀರುವುದೇ ಬೇಡ. ನಮ್ಮ ಸೆಕೆಯಲ್ಲಂತೂ ಬೇಗ. ಬಟ್ಟೆಯನ್ನು ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಸುಮ್ನೆ_ಓದುವವ
ತಾನೇ ಬೆಂಕಿ ಹತ್ತುತ್ತದಾ? ವಾಟ್ಸಾಪ್ ಸುದ್ದಿ ಇದ್ದ ಹಾಗಿದೆ.

ಚಪಡಾ_ಕಾಕಾ (ಕಲಬುರಗಿ)
ಸುದ್ದಿ ಅಲ್ಲ. ನಾನು ಹುಡುಗ ಇದ್ದಾಗ ಉಸ್ತಾದರ ಅಂಗಡಿಯಲ್ಲಿ ರಾತ್ರಿ ಒಂದು ಗೋಣಿಚೀಲ ಹೊಗೆಯಾಡಿತ್ತು. ಒಳಗೆ ಎಣ್ಣೆ ಬಟ್ಟೆ. ಬೀಡಿ ಸೇದಿದೆ ಅಂತ ನನಗೆ ಏಟು ಬಿತ್ತು. ನಾನು ಸೇದೇ ಇರಲಿಲ್ಲ.

ಬಿಸಿಲು_ನಾಡು
ಕಾಕಾಗೆ ಈಗ ನ್ಯಾಯ ಸಿಕ್ಕಿತು.

ಕುಸುಬಿ_ಹೊಲ (ಜೇವರ್ಗಿ)
ಮಾಸ್ತರ, ನಿಮ್ಮೂರ ಬಿದರಿ ಸಾಮಾನಿಗೂ ಕೊನೆಗೆ ಎಣ್ಣೆಯನ್ನೇ ಒರೆಸುತ್ತಾರಲ್ಲ?

ಬೀದರ್_ಮಾಸ್ತರ
ಒರೆಸುತ್ತಾರೆ, ಆದರೆ ಅಲ್ಲಿ ಕಪ್ಪಗೆ ಆಗಲಿ ಅಂತಲೇ ಒರೆಸುವುದು. ಜಸ್ತಕ್ಕೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯೊಳಗಿನ ಹಳೆ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಜಸ್ತ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ಆ ಕಪ್ಪನ್ನು ಇನ್ನೂ ಗಾಢ ಮಾಡುತ್ತದೆ. ಇವರ ಪೈನ್‌ಗೆ ಇದು ಪೂರ್ತಿ ಉಲ್ಟಾ. ಮಾತು ಎಲ್ಲಿಗೋ ಹೋಯಿತು, ವಾಪಸ್ ಕಪಾಟಿಗೆ ಬನ್ನಿ.

ರಂಗೋಲಿ_ಮನೆ
ಮೆಲಮೈನ್ ಬಗ್ಗೆ ಯಾರೂ ಮಾತಾಡಲೇ ಇಲ್ಲ. ನಮ್ಮ ಮನೆಗೆ ಅದನ್ನೇ ಹಾಕಿಸಿದ್ದು, ಎಂಟು ವರ್ಷ ಆಯಿತು.

ಸ್ಪ್ರೇಗನ್_ಹುಮನಾಬಾದ್
ಚೆನ್ನಾಗಿ ಬಾಳುತ್ತೆ. ಆದರೆ ಹೊಡೆಯುವಾಗ ಕಣ್ಣಲ್ಲಿ ನೀರು. ಅದರಿಂದ ಫಾರ್ಮಾಲ್ಡಿಹೈಡ್ ಅನ್ನೋ ಘಾಟಿನ ಗ್ಯಾಸ್ ಬರುತ್ತೆ. ವಾಸನೆ ಹೋಗಲು ವಾರಗಟ್ಟಲೆ ಬೇಕು. ಬೇಳೆ ಡಬ್ಬಿ ಇಡುವ ಕಪಾಟು ಅಂದರೆ ನಾನೇ ಬೇಡ ಅನ್ನುತ್ತೇನೆ. ಹಳದಿಯೂ ಆಗುತ್ತೆ. ನಿಮ್ಮದು ಸಾಗವಾನಿ ಬಣ್ಣ ಇರಬೇಕು, ಗೊತ್ತಾಗಿರಲ್ಲ.

ರಂಗೋಲಿ_ಮನೆ
ಹೌದು, ಸಾಗವಾನಿ ವೆನೀರ್. ನೀವು ಹೇಳಿದ ಮೇಲೆ ಹೋಗಿ ನೋಡಿದೆ, ಕ್ಯಾಲೆಂಡರ್ ಹಿಂದಿನ ಜಾಗ ಬೇರೆ ಬಣ್ಣ ಇದೆ! ಇಷ್ಟು ದಿನ ಗಮನಿಸೇ ಇರಲಿಲ್ಲ. ಸುಮ್ನೆ ಇದನ್ನು ಓದಿದೆ.

ಬೀದರ್_ಮಾಸ್ತರ
ಅದಕ್ಕೆ ಪಾಲಿಶ್ ಒಂದನ್ನೇ ಬಯ್ಯಬೇಡಿ. ಹಳದಿ ಎರಡು ಕಡೆಯಿಂದ ಬರುತ್ತದೆ. ಒಂದು ಪಾಲಿಶ್‌ನದು. ಇನ್ನೊಂದು ಕಟ್ಟಿಗೆಯದು. ಕಟ್ಟಿಗೆಯಲ್ಲಿ ಲಿಗ್ನಿನ್ ಇರುತ್ತದೆ, ಬೆಳಕು ಬಿದ್ದರೆ ಅದು ಬಣ್ಣ ಬದಲಿಸುತ್ತದೆ. ಹಳೆ ದಿನಪತ್ರಿಕೆ ಹಳದಿ ಆಗುವುದೂ ಇದೇ ಲಿಗ್ನಿನ್‌ನಿಂದ. ಆದ್ದರಿಂದ ನೀರಿನ ಪಿಯು ಹಚ್ಚಿದರೂ ಪೈನ್ ಸ್ವಲ್ಪ ಬಣ್ಣ ಏರುತ್ತದೆ. ಡಬ್ಬಿ ಮೇಲೆ ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆ ಅಂತ ಬರೆದಿದ್ದರೆ ನಿಧಾನ ಆಗುತ್ತದೆ, ನಿಲ್ಲಲ್ಲ. ಬೆಣ್ಣೆ ತುಪ್ಪ ಆಗುತ್ತದೆ ಅಂದುಕೊಳ್ಳಿ. ಬೆಲ್ಲ ಆಗದಂತೆ ನೋಡಿಕೊಂಡರೆ ಸಾಕು.

ಚಪಡಾ_ಕಾಕಾ (ಕಲಬುರಗಿ)
ಎಲ್ಲರೂ ಮೇಲಿನ ಪಾಲಿಶ್ ಬಗ್ಗೆ ಜಗಳ ಆಡುತ್ತಿದ್ದೀರಿ. ಗಂಟಿನ ಕಥೆ ಏನು? ಪೈನ್ ಗಂಟಿನಲ್ಲಿ ರಾಳ ಇರುತ್ತದೆ. ಒಲೆ ಬಿಸಿಗೆ ಮೆತ್ತಗಾಗಿ ಆರು ತಿಂಗಳಿಗೆ ಹೊರಗೆ ಬರುತ್ತದೆ. ಪಾಲಿಶ್ ಮೇಲೆ ಜಿಗಿ ಹನಿ, ಸುತ್ತ ಹಳದಿ ವೃತ್ತ. ಆವಾಗ ನಿಮ್ಮ ಪಿಯು ಏನು ಮಾಡುತ್ತದೆ? ಗಂಟನ್ನು ಮೊದಲು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಅದರ ಮೇಲೆ ಎರಡು ಕೈ ಚಪಡಾ ಹಚ್ಚಬೇಕು. ರಾಳವನ್ನು ಚೆನ್ನಾಗಿ ತಡೆಯುತ್ತದೆ ಚಪಡಾ. ಕೊನೆಗೆ ಎಲ್ಲರೂ ಕಾಕಾನ ಹತ್ತಿರವೇ ಬರಬೇಕು.

ಯಾದಗಿರಿ_ಅಕ್ಕ
ಕಾಕಾ ಹೇಳಿದ್ದು ಸರಿ. ನನ್ನ ಶೆಲ್ಫ್‌ನ ಒಂದು ಗಂಟು ಈಗ ಅಂಟಂಟಾಗಿದೆ. ಯಾಕೆ ಅಂತ ಇವತ್ತು ಗೊತ್ತಾಯಿತು.

ಬೀದರ್_ಮಾಸ್ತರ
ಕಾಕಾ ಮಾತಿಗೆ ಒಂದೇ ತಿದ್ದುಪಡಿ. ಸಾದಾ ಚಪಡಾದಲ್ಲಿ ಮೇಣ ಇರುತ್ತದೆ. ಮೇಣದ ಮೇಲೆ ನೀರಿನ ಪಿಯು ಸರಿಯಾಗಿ ಕೂರಲ್ಲ, ಮುಂದೆ ಸಿಪ್ಪೆ ಏಳಬಹುದು. ಮೇಣ ತೆಗೆದ ಚಪಡಾ ಸಿಗುತ್ತದೆ. ಸಿಗದಿದ್ದರೆ ಕರಗಿಸಿದ ಬಾಟಲಿಯನ್ನು ಎರಡು ಮೂರು ದಿನ ಅಲ್ಲಾಡಿಸದೆ ಇಡಿ. ಮೇಣ ಅಡಿಗೆ ಕೂರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಮಜ್ಜಿಗೆ ತಿಳಿ ಬಗ್ಗಿಸಿಕೊಂಡ ಹಾಗೆ. ಕರಗಿಸಿ ವರ್ಷಗಟ್ಟಲೆ ಇಟ್ಟದ್ದನ್ನು ಬಳಸಬೇಡಿ, ಹಳೆಯದಾದರೆ ಗಟ್ಟಿಯಾಗಿ ಒಣಗಲ್ಲ.

ಚಪಡಾ_ಕಾಕಾ (ಕಲಬುರಗಿ)
ಅದು ನನಗೂ ಗೊತ್ತು. ಹೇಳಲು ಬಿಡಲಿಲ್ಲ.

ಬಿಸಿಲು_ನಾಡು
ಈ ಚಪಡಾ ಹುಳದಿಂದ ಬರುತ್ತೆ ಅಂತಾರಲ್ಲ, ನಿಜಾನಾ? ನಮ್ಮ ಅವ್ವ ಅಡುಗೆ ಮನೆಗೆ ಸೇರಿಸಲ್ಲ.

ಚಪಡಾ_ಕಾಕಾ (ಕಲಬುರಗಿ)
ಹೌದಪ್ಪ, ಅರಗಿನ ಹುಳ. ಜಾರ್ಖಂಡ್ ಕಡೆಯಿಂದ ಜಾಸ್ತಿ ಬರುತ್ತದೆ. ಚನ್ನಪಟ್ಟಣದ ಬೊಂಬೆ ಮೇಲಿರುವುದೂ ಅದೇ ಅರಗು. ನಿಮ್ಮವ್ವ ರೇಷ್ಮೆ ಸೀರೆ ಉಡುತ್ತಾರಾ ಕೇಳು.

ಪ್ಯಾಲೆಟ್_ಪೈಲ್ವಾನ್ (ಶಹಾಬಾದ್)
ಪೈನ್ ಎಲ್ಲಿಯದು? ಪ್ಯಾಕಿಂಗ್ ಪೆಟ್ಟಿಗೆಯದ್ದಾ? ಹಾಗಿದ್ದರೆ ಮುದ್ರೆ ನೋಡಿ. ಗೋಧಿ ತೆನೆಯಂಥ ಗುರುತು ಇರುತ್ತೆ, ಪಕ್ಕದಲ್ಲಿ ಎಚ್‌ಟಿ ಅಥವಾ ಎಂಬಿ ಅಂತ ಬರೆದಿರುತ್ತೆ. ಎಚ್‌ಟಿ ಅಂದರೆ ಕಟ್ಟಿಗೆಯ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರುವ ಹಾಗೆ ಕಾಯಿಸಿದ್ದು. ತೊಂದರೆ ಇಲ್ಲ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಬಿಟ್ಟದ್ದು. ಅದನ್ನು ಅಡುಗೆ ಮನೆಗೆ ತರಬೇಡಿ.

ರಂದಾ_ಹೊಸಬ
ಬಾಗಿಲು ಅಂಗಡಿಯ ಪೈನ್, ಒಳಗಿನ ಹಲಗೆ ಸರಕು ಪೇರಿಸುವ ಪ್ಯಾಲೆಟ್‌ನದ್ದು. ಓಡಿ ಹೋಗಿ ಉಳಿದ ತುಂಡು ನೋಡಿದೆ. ಎಚ್‌ಟಿ ಇದೆ. ಬದುಕಿದೆ.

ಎಲ್ಲರ ಮಾತು ಕೇಳಿ ತಲೆ ಗಿರ್ ಅಂತಿದೆ. ಒಂದು ಕೆಲಸ ಮಾಡುತ್ತೇನೆ. ಒಂದೇ ಹಲಗೆಯಿಂದ ನಾಲ್ಕು ತುಂಡು ಕತ್ತರಿಸಿ ನಾಲ್ಕು ಥರ ಹಚ್ಚಿ ನೋಡುತ್ತೇನೆ. ಮೂರು ವಾರ ಬಿಟ್ಟು ಬರುತ್ತೇನೆ.

ಸುಮ್ನೆ_ಓದುವವ
ಬರಲ್ಲ. ಹೀಗೆ ಹೇಳಿ ಹೋದವರು ಯಾರೂ ಬಂದಿಲ್ಲ.

ಯಾದಗಿರಿ_ಅಕ್ಕ
ಹಚ್ಚುವ ಮೊದಲು ಇದನ್ನು ಓದಿಕೊಳ್ಳಿ. 120, 180, 220 ನಂಬರಿನ ಪಾಲಿಶ್ ಪೇಪರ್ (ಮರಳು ಕಾಗದ) ಹೀಗೆ ಕ್ರಮವಾಗಿ ಹೊಡೆಯಿರಿ, ಎಳೆ ಹೋದ ದಿಕ್ಕಿಗೇ. ಆಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಡಿ. ಎಳೆಗಳು ಗಡ್ಡದ ಹಾಗೆ ಎದ್ದು ನಿಲ್ಲುತ್ತವೆ. ಅದನ್ನು 220ರಿಂದ ಹಗುರಾಗಿ ಬೋಳಿಸಿ. ಇದನ್ನು ಬಿಟ್ಟರೆ ಮೊದಲ ಕೋಟ್‌ನ ನೀರಿಗೇ ಎಳೆ ಏಳುತ್ತೆ. ಕೋಟ್ ನಡುವೆ ಉಕ್ಕಿನ ನಾರು ಬಳಸಬೇಡಿ, ಚೂರು ಉಳಿದರೆ ತುಕ್ಕಿನ ಚುಕ್ಕೆ. ಡಬ್ಬಿ ಕುಲುಕಬೇಡಿ, ಗುಳ್ಳೆ ಬರುತ್ತವೆ, ಕೋಲಿನಿಂದ ತಿರುವಿ. ಬ್ರಷ್ ನೈಲಾನ್‌ದು ಇರಲಿ. ಕೂದಲಿನ ಬ್ರಷ್ ನೀರು ಕುಡಿದು ಪೊರಕೆ ಆಗುತ್ತೆ.

ಪ್ಯಾಲೆಟ್_ಪೈಲ್ವಾನ್ (ಶಹಾಬಾದ್)
ಎಲ್ಲಾದರೂ ಸುತ್ತಿಗೆ ತಗಲಿ ತಗ್ಗು ಬಿದ್ದಿದ್ದರೆ ಈಗಲೇ ಸರಿ ಮಾಡಿ. ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿ. ಉಗಿಗೆ ಎಳೆ ಉಬ್ಬಿ ತಗ್ಗು ಮೇಲೆ ಬರುತ್ತೆ. ಪಾಲಿಶ್ ಆದ ಮೇಲೆ ಇದು ನಡೆಯಲ್ಲ.

ರಂದಾ_ಹೊಸಬ
ಬಂದೆ! ಮೂರು ವಾರ ಅಂದಿದ್ದೆ, ನಾಲ್ಕಾಯಿತು.

ತುಂಡು ಒಂದು, ಬರೀ ಚಪಡಾ. ಎರಡು, ಎಣ್ಣೆ ಪಿಯು. ಮೂರು, ಗಂಟಿಗೆ ಚಪಡಾ ತಿಳಿ, ಮೇಲೆ ಮೂರು ಕೋಟ್ ನೀರಿನ ಪಿಯು ಮ್ಯಾಟ್. ನಾಲ್ಕು, ಕುಸುಬಿ ಎಣ್ಣೆ. ಎಲ್ಲದರ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಪಶ್ಚಿಮದ ಕಿಟಕಿಯಲ್ಲಿ ಇಟ್ಟೆ. ಕೊನೆಗೆ ಒಂದು ರಾತ್ರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಮೆತ್ತಿಟ್ಟೆ. ಬೆಳಿಗ್ಗೆ ಕುದಿಯುವ ಚಹಾ ಹಾಕಿದ ಸ್ಟೀಲ್ ಲೋಟ ಇಟ್ಟೆ. ಮನೆಯವರು "ಇದೇನು ವಾಮಾಚಾರ" ಅಂತ ಕೇಳಿದರು. ನಾಲ್ಕು ಕಟ್ಟಿಗೆ ತುಂಡು, ಅರಿಶಿನ, ಮೇಲೆ ಕತ್ತರಿಸಿದ ನಿಂಬೆಹಣ್ಣು ಬೇರೆ. ಕೇಳಿದ್ದು ತಪ್ಪಲ್ಲ.

ಚಪಡಾ ನೋಡಲು ಎಲ್ಲಕ್ಕಿಂತ ಚಂದ, ಅದನ್ನು ಒಪ್ಪುತ್ತೇನೆ ಕಾಕಾ. ಆದರೆ ಲೋಟ ಎತ್ತುವಾಗ ಅಂಟಿಕೊಂಡಿತ್ತು, ಎತ್ತಿದರೆ ದುಂಡಗೆ ಬಿಳಿ ಉಂಗುರ. ಎಣ್ಣೆ ಪಿಯು ಎಲ್ಲ ಪರೀಕ್ಷೆಯಲ್ಲೂ ಪಾಸ್, ಬಣ್ಣ ಮಾತ್ರ ಬೆಲ್ಲದ ಪಾಕ. ಕುಸುಬಿ ಎಣ್ಣೆ ನಾಲ್ಕು ವಾರ ಆದರೂ ಜಿಗಿಜಿಗಿ. ಕಿಟಕಿಯ ದೂಳೆಲ್ಲ ಅದರ ಮೇಲೇ ಕೂತು ಮರಳು ಕಾಗದ ಆಗಿದೆ.

ಮೂರನೆಯದೇ ಗೆದ್ದದ್ದು. ಲೋಟದ ಗುರುತು ಇಲ್ಲ, ನಿಂಬೆಗೂ ಏನಾಗಿಲ್ಲ. ಅರಿಶಿನ ತಿಳಿ ಹಳದಿ ಕಲೆ ಬಿಟ್ಟಿತು. ಎರಡು ದಿನ ಬಿಸಿಲಿಗೆ ಇಟ್ಟೆ, ಮಾಯ. ಕಪ್ಪು ಕಾಗದ ಬಿಚ್ಚಿದರೆ ಮಾಸ್ತರ ಹೇಳಿದ ಹಾಗೆ ಸಣ್ಣ ಗೆರೆ ಕಾಣಿಸಿತು. ಬೆಳಕು ಬಿದ್ದ ಕಡೆ ಸ್ವಲ್ಪ ಗಾಢ. ತುಪ್ಪ ಅಂದಿರಲ್ಲ, ಅಷ್ಟೇ.

ಬೀದರ್_ಮಾಸ್ತರ
ಅರಿಶಿನದ ಬಣ್ಣ ಬೆಳಕಿಗೆ ಒಡೆದು ಹೋಗುತ್ತದೆ, ಅದಕ್ಕೇ ಮಾಯ. ಒಂದು ನೆನಪಿಡಿ. ನೀರಿನ ಪಿಯು ಎರಡು ತಾಸಿನಲ್ಲಿ ಒಣಗಿದ ಹಾಗೆ ಕಂಡರೂ ಪೂರ್ತಿ ಗಟ್ಟಿ ಆಗಲು ಎರಡು ಮೂರು ವಾರ ಬೇಕು. ನೀವು ನಾಲ್ಕು ವಾರದ ನಂತರ ಲೋಟ ಇಟ್ಟಿರಿ, ಪಾಸ್ ಆಯಿತು. ಮೂರನೇ ದಿನ ಇಟ್ಟಿದ್ದರೆ ಗುರುತು ಬೀಳುತ್ತಿತ್ತು.

ಸುಮ್ನೆ_ಓದುವವ
ಬಂದಿರಿ ಅಂತ ಖುಷಿ. ನನ್ನ ಮಾತು ವಾಪಸ್.

ರಂದಾ_ಹೊಸಬ
ಹತ್ತು ದಿನದ ನಂತರ ಮತ್ತೆ ಬಂದಿದ್ದೇನೆ, ಈ ಸಲ ದುಃಖದಿಂದ. ಬಾಗಿಲಿನ ಹೊರಗಡೆ ಮೂರು ಕೋಟ್ ಹಚ್ಚಿದೆ. ಬೆಳಿಗ್ಗೆ ಐದೂವರೆಗೇ ಎದ್ದೆ ಅಕ್ಕಾ. ಒಳಗಡೆ ಯಾರು ನೋಡುತ್ತಾರೆ ಅಂತ ಬಿಟ್ಟೆ. ಒಂದು ಬಾಗಿಲು ರೊಟ್ಟಿ ಥರ ಸೊಟ್ಟಗಾಗಿದೆ. ಮೂಲೆಯಲ್ಲಿ ಕಿರುಬೆರಳು ತೂರುತ್ತದೆ.

ಚಪಡಾ_ಕಾಕಾ (ಕಲಬುರಗಿ)
ತಮ್ಮಾ, ತಮ್ಮಾ. ಒಂದು ಕಡೆ ಮುಚ್ಚಿ ಒಂದು ಕಡೆ ಬಿಟ್ಟರೆ ಬಿಟ್ಟ ಕಡೆಯಿಂದಲೇ ಹೆಚ್ಚು ತೇವ ಹೋಗುತ್ತದೆ, ಬರುತ್ತದೆ. ಈ ಒಣ ಬಿಸಿಲಿಗೆ ಒಳಗಡೆ ಕುಗ್ಗಿತು, ಹಲಗೆ ಆ ಕಡೆಗೆ ಬಗ್ಗಿತು. ಎರಡೂ ಕಡೆ ಒಂದೇ ಲೆಕ್ಕದ ಕೋಟ್ ಬೇಕು. ಅಂಚಿಗೂ ಬೇಕು. ಬಾಗಿಲು ಬಿಚ್ಚಿ, ಒಳಗಡೆ ಒದ್ದೆ ಬಟ್ಟೆ ಹಾಸಿ ಒಂದು ರಾತ್ರಿ ನೆರಳಲ್ಲಿ ಮಲಗಿಸು. ನೆಟ್ಟಗಾದ ಮೇಲೆ ಒಣಗಿಸಿ ಮೂರು ಕೋಟ್ ಹಚ್ಚು. ಪೂರ್ತಿ ಬರದಿದ್ದರೂ ಮುಕ್ಕಾಲು ಬರುತ್ತದೆ.

ರಂದಾ_ಹೊಸಬ
ಬಂತು ಕಾಕಾ. ಕಿರುಬೆರಳು ಹೋಗಿ ಪೋಸ್ಟ್‌ಕಾರ್ಡ್ ಆಯಿತು. ಉಳಿದದ್ದನ್ನು ಕೀಲು ತಿರುಗಿಸಿ ಹೊಂದಿಸಿದೆ. ನಾಲ್ಕೂ ಕಪಾಟು ಗೋಡೆಗೆ ಹತ್ತಿವೆ. ಫೋಟೋ ನಾಳೆ. ಮೇಣ ಕೂತ ಚಪಡಾ ಅರ್ಧ ಬಾಟಲಿ ಉಳಿದಿದೆ, ಚೆಲ್ಲಲಾ?

ಚಪಡಾ_ಕಾಕಾ (ಕಲಬುರಗಿ)
ಚೆಲ್ಲಿದರೆ ನೋಡು. ಅದನ್ನು ಮಣೆಗೆ ಹಚ್ಚು. ಮೇಲೆ ಪಿಯು ಬರಲ್ಲ ಅಂದರೆ ಮೇಣ ಇದ್ದರೆ ಏನು?

ಬಿಸಿಲು_ನಾಡು
ಅದಿರಲಿ, ಮಟ್ಟಸ ಕೂರದ ಆ ಎರಡು ಬಾಗಿಲು ಏನಾಯಿತು?

ರಂದಾ_ಹೊಸಬ
ಅದನ್ನು ಇಲ್ಲಿ ಕೇಳುತ್ತಿಲ್ಲ ಅಂತ ಮೊದಲೇ ಹೇಳಿದ್ದೆ.